ಮೇಷ್ಟ್ರು ಕಂಡ ಮುಗಿಲ ಊರು

ಊರು ಬಿಡುವ ಮಾತು ನಮ್ಮ ಸೀಮೆಗೆ ಹೊಸದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಮನೆತನದ ಕಥೆಯನ್ನು ಕೆದಕಿದರೂ ಯಾವುದೋ ಒಂದು ತಲೆಮಾರಿನವರು ಗಂಟು ಮೂಟೆ ಕಟ್ಟಿಕೊಂಡು ಹೊರಟದ್ದು ಸಿಕ್ಕೇ ಸಿಗುತ್ತದೆ. ಮಳೆ ಕೈಕೊಟ್ಟಿತು ಎಂದು ಹೊರಟವರು, ಬಾವಿ ಬತ್ತಿತು ಎಂದು ಹೊರಟವರು, ಸಾಲ ತೀರಿಸಲು ಬೆಂಗಳೂರಿನ ಗಾರೆ ಕೆಲಸಕ್ಕೆ ಹೊರಟವರು. ಪುರವರದ ಸುತ್ತಿನ ಹಳ್ಳಿಗಳಲ್ಲಿ ಜಯಮಂಗಲಿ ನದಿ ಎಂದರೆ ಬಹಳ ವರ್ಷ ಬರೀ ಮರಳಿನ ಹೆಸರು. ಶಾಲೆಯ ಹಾಜರಿ ಪುಸ್ತಕ ಹಿಡಿದುಕೊಂಡು ಇಪ್ಪತ್ತೈದು ವರ್ಷಕ್ಕೂ ಮೇಲೆ ಕಳೆದಿರುವ ನನಗೆ, ಬರ ಬಂದಿದೆ ಎಂಬುದು ಪತ್ರಿಕೆ ಓದುವ ಮೊದಲೇ ಗೊತ್ತಾಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಂದೊಂದೇ ಹೆಸರಿನ ಮುಂದೆ ಗೈರುಹಾಜರಿ ಗುರುತು ಬೀಳತೊಡಗುತ್ತದೆ. ಆಮೇಲೆ ಅಪ್ಪನೋ ಅಮ್ಮನೋ ಬಂದು ಬಾಗಿಲ ಬಳಿ ನಿಂತು, "ಟಿ.ಸಿ. ಕೊಡ್ರಮ್ಮ" ಎನ್ನುತ್ತಾರೆ.

"ಈ ನೆಲ ಇನ್ನು ನಮ್ಮನ್ನು ಸಾಕಲಾರದು, ಬೇರೆ ಕಡೆ ಹೋಗಿ ಬದುಕೋಣ" ಎಂಬ ಈ ಯೋಚನೆಯನ್ನೇ ಒಬ್ಬ ಮನುಷ್ಯ ಒಂದು ಹಳ್ಳಿಗೋ ತಾಲ್ಲೂಕಿಗೋ ನಿಲ್ಲಿಸದೆ ಇಡೀ ಭೂಮಿಗೆ ಅನ್ವಯಿಸಿ ಯೋಚಿಸಿದ, ಅದನ್ನೊಂದು ಕಾದಂಬರಿ ಮಾಡಿ ಬರೆದ ಎಂದರೆ ನಿಮಗೆ ಸೋಜಿಗವಾಗಬಹುದು. ಆತ ರಾಜನಲ್ಲ, ದೊಡ್ಡ ವಿಶ್ವವಿದ್ಯಾನಿಲಯದ ಪಂಡಿತನೂ ಅಲ್ಲ. ನನ್ನ ಹಾಗೆ ಸಣ್ಣ ಊರಿನ ಒಬ್ಬ ಶಾಲಾ ಮೇಷ್ಟ್ರು. ಕಿವಿ ಸರಿಯಾಗಿ ಕೇಳಿಸದ ಮೇಷ್ಟ್ರು.

ಹೆಸರು ಕಾನ್‌ಸ್ಟಾಂಟಿನ್ ಸಿಯೋಲ್ಕೋವ್‌ಸ್ಕಿ. ಹುಟ್ಟಿದ್ದು 1857ರಲ್ಲಿ, ರಷ್ಯಾದ ಇಝೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ. ಹತ್ತರ ಹರೆಯದಲ್ಲಿ ಕೆಂಜ್ವರ ಬಂದು ಕಿವಿ ಹೋಯಿತು. ಶಾಲೆ ಬಿಟ್ಟಿತು. ಹದಿಮೂರಕ್ಕೆ ತಾಯಿ ತೀರಿಕೊಂಡರು. ಹುಡುಗ ಹದಿನಾರನೆಯ ವಯಸ್ಸಿನಲ್ಲಿ ಒಬ್ಬನೇ ಮಾಸ್ಕೋಗೆ ಹೋಗಿ, ಕಪ್ಪು ಬ್ರೆಡ್ಡು ನೀರಿನಲ್ಲಿ ಹೊಟ್ಟೆ ಹೊರೆದು, ಗ್ರಂಥಾಲಯದಲ್ಲಿ ಕುಳಿತು ಗಣಿತ, ಭೌತಶಾಸ್ತ್ರಗಳನ್ನು ತಾನೇ ಓದಿಕೊಂಡ. ಉಪಾಧ್ಯಾಯರ ಪರೀಕ್ಷೆ ಪಾಸು ಮಾಡಿ 1880ರಲ್ಲಿ ಬೊರೋವ್‌ಸ್ಕ್ ಎಂಬ ಊರಿನಲ್ಲಿ ಕೆಲಸಕ್ಕೆ ಸೇರಿದ. ಅದೇ ವರ್ಷ ವರ್ವಾರಾ ಎಂಬಾಕೆಯನ್ನು ಮದುವೆಯಾದ. 1892ರಲ್ಲಿ ಕಲೂಗಾ ಪಟ್ಟಣಕ್ಕೆ ವರ್ಗವಾಯಿತು. ನಮಗೆ ಸಂತೋಷ ಕೊಡುವ ಒಂದು ಸಂಗತಿ ಇದೆ: 1899ರಿಂದ 1918ರವರೆಗೆ ಆತ ಪಾಠ ಹೇಳಿದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ, ಕಲಿಸಿದ್ದು ಭೌತಶಾಸ್ತ್ರ. ಹಗಲು ಹುಡುಗಿಯರಿಗೆ ಸನ್ನೆಕೋಲಿನ ಪಾಠ, ರಾತ್ರಿ ಮನೆಯಲ್ಲಿ ದೀಪ ಹಚ್ಚಿಕೊಂಡು ಭೂಮಿಯನ್ನು ಬಿಟ್ಟು ಹೋಗುವ ಲೆಕ್ಕ.

ಆ ಲೆಕ್ಕ 1903ರಲ್ಲಿ ಲೇಖನವಾಗಿ ಅಚ್ಚಾಯಿತು. ಇಂದಿಗೂ ರಾಕೆಟ್ ವಿಜ್ಞಾನದ ಬುನಾದಿ ಅದೇ. ಗಾಳಿ ತುಂಬಿದ ಬಲೂನಿನ ಬಾಯಿ ಬಿಟ್ಟರೆ ಅದು ಎದುರು ದಿಕ್ಕಿಗೆ ಚಿಮ್ಮುತ್ತದಲ್ಲ, ರಾಕೆಟ್ಟಿನ ಗುಟ್ಟೂ ಅಷ್ಟೇ. ಆದರೆ ಎಷ್ಟು ಇಂಧನ ಉರಿದರೆ ಎಷ್ಟು ವೇಗ ಬಂದೀತು, ಭೂಮಿಯ ಸೆಳೆತ ತಪ್ಪಿಸಿಕೊಳ್ಳಲು ಎಷ್ಟು ವೇಗ ಬೇಕು ಎಂಬುದನ್ನು ಮೇಷ್ಟ್ರು ಸೂತ್ರದಲ್ಲಿ ತೋರಿಸಿದರು. ಮದ್ದಿನಪುಡಿ ಸಾಲದು, ದ್ರವರೂಪದ ಹೈಡ್ರೋಜನ್ ಮತ್ತು ಆಕ್ಸಿಜನ್ ಬೇಕು ಎಂದರು. ಖಾಲಿಯಾದ ಭಾಗವನ್ನು ಕಳಚಿ ಎಸೆಯುತ್ತಾ ಹೋಗುವ ಹಲವು ಹಂತಗಳ ರಾಕೆಟ್ಟಿನ ವಿಚಾರವನ್ನೂ ಮುಂದೆ ಬರೆದರು. ನಮ್ಮ ದೇಶದಲ್ಲೇ ತಯಾರಾದ, ಇದೇ ಹೈಡ್ರೋಜನ್–ಆಕ್ಸಿಜನ್ ಉರಿಸುವ ಕ್ರಯೋಜೆನಿಕ್ ಎಂಜಿನ್ನು ಮೊದಲ ಬಾರಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಲೆಕ್ಕ ಕಾಗದದ ಮೇಲೆ ಬಿದ್ದು ನೂರಹನ್ನೊಂದು ವರ್ಷದ ಮೇಲೆ!

ಇನ್ನು ಆ ಕಾದಂಬರಿ. ಮೇಷ್ಟ್ರು ಅದನ್ನು 1896ರಲ್ಲೇ ಬರೆಯಲು ಹಿಡಿದಿದ್ದರು. 1918ರಲ್ಲಿ ಸ್ವಲ್ಪ ಭಾಗ ಒಂದು ಪತ್ರಿಕೆಯಲ್ಲಿ ಬಂತು. 1920ರಲ್ಲಿ ಕಲೂಗಾದಲ್ಲಿ ಪೂರ್ತಿ ಪುಸ್ತಕವಾಯಿತು. ಹೆಸರು 'ಭೂಮಿಯ ಆಚೆ' ಎಂದು ಕನ್ನಡದಲ್ಲಿ ಹೇಳಬಹುದು. ನಾವು ಕಾಲೇಜಿನಲ್ಲಿದ್ದಾಗ ಮಾಸ್ಕೋದಿಂದ ಅಗ್ಗದ ಬೆಲೆಗೆ ದಪ್ಪ ರಟ್ಟಿನ ಪುಸ್ತಕಗಳು ಬರುತ್ತಿದ್ದವಲ್ಲ, ನಾನು ಈ ಮೇಷ್ಟ್ರನ್ನು ಕಂಡದ್ದು ಅಲ್ಲೇ, ಇಂಗ್ಲಿಷಿನಲ್ಲಿ. ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ಓದಿ ಬೆಳೆದ ನಮ್ಮಂಥವರಿಗೆ ವೈಜ್ಞಾನಿಕ ಕಾದಂಬರಿ ಎಂದರೆ ಗಂಡುಹುಡುಗರ ಓದು ಎಂಬ ಭಾವನೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಇಂಥ ಕಾದಂಬರಿಗಳನ್ನು ಬರೆದರೂ ಗ್ರಂಥಾಲಯದಲ್ಲಿ ಅವು ಪತ್ತೇದಾರಿ ಪುಸ್ತಕಗಳ ಪಕ್ಕ ಕೂರುತ್ತಿದ್ದವು. ನಾವು ಆ ಕಪಾಟಿನ ಕಡೆ ಹೋಗುತ್ತಿರಲಿಲ್ಲ.

ಮೇಷ್ಟ್ರ ಕಥೆ ನಡೆಯುವುದು 2017ನೇ ಇಸವಿಯಲ್ಲಿ, ಅದೂ ನಮ್ಮ ಹಿಮಾಲಯದಲ್ಲಿ! ಪರ್ವತಗಳ ನಡುವಿನ ಒಂದು ಕೋಟೆಯಂಥ ಮನೆಯಲ್ಲಿ ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿದ್ದಾರೆ. ಅವರ ಹೆಸರುಗಳು ನ್ಯೂಟನ್, ಗೆಲಿಲಿಯೊ, ಲಾಪ್ಲಾಸ್, ಹೆಲ್ಮ್‌ಹೋಲ್ಟ್ಜ್, ಫ್ರಾಂಕ್ಲಿನ್, ಜೊತೆಗೆ ಇವನೋವ್ ಎಂಬ ರಷ್ಯದವನು. ಅವರು ರಾಕೆಟ್ ಕಟ್ಟಿ ಭೂಮಿಯನ್ನು ಸುತ್ತತೊಡಗುತ್ತಾರೆ. ಮೇಲೆ ಕೆಳಗೆ ಎಂಬುದೇ ಇಲ್ಲದ ಕಡೆ ಊಟ ಹೇಗೆ, ಸ್ನಾನ ಹೇಗೆ, ನಿದ್ದೆ ಹೇಗೆ ಎಂದು ಮೇಷ್ಟ್ರು ಪಾಠ ಹೇಳಿದಷ್ಟೇ ತಾಳ್ಮೆಯಿಂದ ವಿವರಿಸುತ್ತಾರೆ. ಮುಖ್ಯವಾದದ್ದು ಗಾಜಿನ ತೋಟ. ಅಲ್ಲಿ ಗಿಡ ಬೆಳೆಸುತ್ತಾರೆ. ಮನುಷ್ಯ ಬಿಟ್ಟ ಕೆಟ್ಟ ಗಾಳಿಯನ್ನು ಗಿಡ ಹೀರಿ ಒಳ್ಳೆಯ ಗಾಳಿ ಕೊಡುತ್ತದೆ, ತರಕಾರಿ ಹಣ್ಣು ಕೊಡುತ್ತದೆ. ಮನುಷ್ಯನ ಕಸ ಗಿಡಕ್ಕೆ ಗೊಬ್ಬರವಾಗುತ್ತದೆ. ಆಮೇಲೆ ಭೂಮಿಗೆ ಸುದ್ದಿ ಹೋಗುತ್ತದೆ: ಇಲ್ಲಿ ಜಾಗ ಇದೆ, ಬಿಸಿಲು ಇದೆ, ಬನ್ನಿ. ಜನ ಹೊರಡುತ್ತಾರೆ. ಮುಗಿಲಲ್ಲಿ ಊರುಗಳಾಗುತ್ತವೆ.

ಜನ ಯಾಕೆ ಹೋಗಬೇಕು? ಮೇಷ್ಟ್ರ ಉತ್ತರ ಸೂರ್ಯನ ಲೆಕ್ಕದಲ್ಲಿದೆ. ಸೂರ್ಯ ಸುರಿಯುವ ಬೆಳಕಿನಲ್ಲಿ ಭೂಮಿಯ ಪಾಲಿಗೆ ಬೀಳುವುದು ಸುಮಾರು 200 ಕೋಟಿಯಲ್ಲಿ ಒಂದು ಭಾಗ. ಉಳಿದದ್ದೆಲ್ಲ ಶೂನ್ಯಕ್ಕೆ ಹೋಗುತ್ತದೆ. ಮನುಷ್ಯರು ಹೆಚ್ಚುತ್ತಾರೆ, ಭೂಮಿ ಹಿಗ್ಗುವುದಿಲ್ಲ. ಆದ್ದರಿಂದ ಬೆಳಕು ಇರುವಲ್ಲಿಗೆ ಹೋಗಬೇಕು. 1926ರಲ್ಲಿ ಅವರು ಹದಿನಾರು ಮೆಟ್ಟಿಲಿನ ಒಂದು ಯೋಜನೆಯನ್ನೂ ಬರೆದರು. ಅದರ ಕೊನೆಯ ಮೆಟ್ಟಿಲಲ್ಲಿ ಸೂರ್ಯ ಆರತೊಡಗಿದಾಗ ಉಳಿದ ಮನುಷ್ಯಕುಲ ಬೇರೆ ಸೂರ್ಯರ ಕಡೆ ಹೊರಡುತ್ತದೆ. ಅಷ್ಟು ದೂರದ ಮುನ್ನೋಟ! ನಮ್ಮ ಮನೆಗಳಲ್ಲಿ ಮುಂದಿನ ಯುಗಾದಿಗೆ ಬೇಳೆ ಸಾಕಾಗುತ್ತದೆಯೇ ಎಂದು ನೋಡುವಷ್ಟರಲ್ಲೇ ನಮಗೆ ಸಾಕುಸಾಕಾಗುತ್ತದೆ.

ಈ ರಾಕೆಟ್ ಎಂಬುದರ ಹಿಂದಿನ ಕಥೆ ನಮ್ಮ ಸೀಮೆಯನ್ನು ಹಾದು ಹೋಗಿದೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರು ನೆಟ್ಟಗೆ ಕೂರುತ್ತಾರೆ. ಹೈದರಾಲಿ 1763ರಲ್ಲಿ ಬಿದನೂರನ್ನು, ಅಂದರೆ ಈಗಿನ ನಗರವನ್ನು ಗೆದ್ದಾಗ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯಲ್ಲಿ. 1767ರಲ್ಲಿ ಮರಾಠರು ಬಂದು ಬಿಡಿಸುವವರೆಗೆ ಆಕೆ ಅಲ್ಲೇ ಇದ್ದಳು. ಆಕೆ ಕಳೆದುಕೊಂಡ ಅದೇ ನಗರದ ಒಂದು ಹಾಳು ಬಾವಿಯನ್ನು 2018ರಲ್ಲಿ ಪುರಾತತ್ವ ಇಲಾಖೆಯವರು ಅಗೆಸಿದಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಕೋಲಿಗೆ ಕಟ್ಟಿ ಹಾರಿಸುತ್ತಿದ್ದ ಆ ಬಾಣಗಳು 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವನ್ನು ಇಂಗ್ಲೆಂಡಿಗೆ ಕೊಂಡುಹೋದರು. ವಿಲಿಯಂ ಕಾಂಗ್ರೀವ್ ಎಂಬಾತ ಅವನ್ನು ನೋಡಿ ತಿದ್ದಿ ತನ್ನ ರಾಕೆಟ್ ಮಾಡಿದ. ಹಾಗೆ ಯುರೋಪಿನ ಸೈನ್ಯಗಳಿಗೆಲ್ಲ ಅದು ಹರಡಿತು. ಮೈಸೂರಿನವರ ಕೊಳವೆ ಕೊಲ್ಲುವುದಕ್ಕೆ ಹಾರಿತು. ಕಿವಿ ಕೇಳದ ಮೇಷ್ಟ್ರು ಅದನ್ನೇ ಬದುಕಿಸುವುದಕ್ಕೆ ಹಾರಿಸಲು ಹೊರಟರು. ಒಂದೇ ವಸ್ತು ಯಾರ ಕೈಗೆ ಸಿಕ್ಕಿತು ಎಂಬುದರ ಮೇಲೆ ಅದರ ಹಣೆಬರಹ.

ಮೇಷ್ಟ್ರು ಮಾಸ್ಕೋದಲ್ಲಿ ಬ್ರೆಡ್ಡು ತಿಂದು ಓದು ಮುಗಿಸಿದ ವರ್ಷ 1876. ಅದೇ ವರ್ಷ ನಮ್ಮ ಕಡೆ ಧಾತು ಸಂವತ್ಸರದ ಬರ ಶುರುವಾಯಿತು. ಧಾತು, ಈಶ್ವರ ಎರಡು ವರ್ಷ ಮಳೆ ಇಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರ ಗಣತಿಗೆ ಸುಮಾರು 42 ಲಕ್ಷವಾಗಿದ್ದರು. ಚಿತ್ರದುರ್ಗ, ತುಮಕೂರು, ಕೋಲಾರದ ಕಡೆ ಹೊಡೆತ ಜಾಸ್ತಿ. ನಮ್ಮಜ್ಜಿ ತನ್ನಜ್ಜಿಯಿಂದ ಕೇಳಿದ ಮಾತನ್ನು ನಮಗೆ ಹೇಳುತ್ತಿದ್ದಳು: ಕತ್ತಾಳೆ ಗಡ್ಡೆ, ಮುಳ್ಳು ಸೊಪ್ಪು ಬೇಯಿಸಿ ತಿಂದರೂ ಅಟ್ಟದಲ್ಲಿ ಬೂದಿ ಬೆರೆಸಿ ಮುಚ್ಚಿಟ್ಟಿದ್ದ ಅಲಸಂದೆ ಬೀಜದ ಮಡಕೆಯನ್ನು ಮಾತ್ರ ಮುಟ್ಟಲಿಲ್ಲವಂತೆ. ಹಸಿದ ಮಕ್ಕಳು ಅತ್ತರೂ ಮುಟ್ಟಲಿಲ್ಲ. ಮಳೆ ಬಂದ ದಿನ ಬಿತ್ತಲು ಬೀಜ ಇಲ್ಲದಿದ್ದರೆ ಬದುಕಿ ಉಳಿದೂ ಪ್ರಯೋಜನವಿಲ್ಲವಲ್ಲ. ಕುಲ ಉಳಿಸುವುದು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಆ ಮಡಕೆಯ ಮುಂದೆ ಕುಳಿತು ಮಕ್ಕಳ ಅಳು ಕೇಳಿದವಳ ಎದೆ ಹೇಗಿದ್ದಿರಬೇಕು, ನೀವೇ ಯೋಚಿಸಿ.

ಮೇಷ್ಟ್ರು 1935ರಲ್ಲಿ ತೀರಿಕೊಂಡರು. 1961ರ ಏಪ್ರಿಲ್ 12ರಂದು ಗಗಾರಿನ್ ಭೂಮಿಯನ್ನು ಸುತ್ತಿ ಬಂದ. 1963ರಲ್ಲಿ ಜವಳಿ ಗಿರಣಿಯಲ್ಲಿ ದುಡಿದಿದ್ದ ವಲೆಂಟಿನಾ ತೆರೆಶ್ಕೋವಾ ಮುಗಿಲೇರಿದ ಮೊದಲ ಹೆಂಗಸಾದಳು. ಕಾದಂಬರಿಯ ಆ ಆರು ಜನ ವಿಜ್ಞಾನಿಗಳಲ್ಲಿ ಒಬ್ಬಳೂ ಹೆಂಗಸಿಲ್ಲ, ಹುಡುಗಿಯರಿಗೇ ಪಾಠ ಹೇಳುತ್ತಿದ್ದ ಮೇಷ್ಟ್ರಿಗೆ ಅದು ಹೊಳೆಯಲಿಲ್ಲ. ನಮ್ಮಲ್ಲಿ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ತಗಡಿನ ಷೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ರಷ್ಯದ ನೆಲದಿಂದ ಮೇಲೇರಿತು. ತೂಕ ಸುಮಾರು 360 ಕೆ.ಜಿ. ನಮ್ಮ ಕಡೆಯಿಂದ ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುವವರ ಬಸ್ಸು ಆ ಪೀಣ್ಯವನ್ನು ದಾಟಿಯೇ ಊರೊಳಗೆ ನುಗ್ಗಬೇಕು. ಮೇಷ್ಟ್ರು ಕಥೆ ಇಟ್ಟುಕೊಂಡಿದ್ದ 2017 ನಿಜವಾಗಿ ಬಂದಾಗ, ಫೆಬ್ರವರಿ 15ರಂದು, ನಮ್ಮ ಇಸ್ರೋದವರು ಒಂದೇ ರಾಕೆಟ್ಟಿನಲ್ಲಿ 104 ಉಪಗ್ರಹಗಳನ್ನು ಕಳಿಸಿದರು. ಮುಗಿಲ ಊರು ಆಗಿರಲಿಲ್ಲ, ಆದರೆ ಮುಗಿಲ ಸಂತೆ ಆಗಿತ್ತು.

ಊರು ಅಂತ ಇರುವುದು ಒಂದು ಸಣ್ಣ ವಠಾರ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎನ್ನುತ್ತಾರೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ 2000ದ ನವೆಂಬರಿನಿಂದ ಒಂದು ದಿನವೂ ಖಾಲಿ ಬೀಳದೆ ಜನ ವಾಸವಾಗಿದ್ದಾರೆ, ಸಾಮಾನ್ಯವಾಗಿ ಏಳು ಮಂದಿ. ಅಲ್ಲಿ ನೀರು ಎಷ್ಟು ದುಬಾರಿ ಎಂದರೆ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ಮತ್ತೆ ಕುಡಿಯುತ್ತಾರೆ. 2023ರ ಹೊತ್ತಿಗೆ ನೂರು ಲೋಟದಲ್ಲಿ ತೊಂಬತ್ತೆಂಟು ಲೋಟ ವಾಪಸ್ಸು ಪಡೆಯುವಷ್ಟು ಪಳಗಿದರು. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು "ಥೂ" ಎಂದು ಮುಖ ಸಿಂಡರಿಸಿದರು. ಹುಡುಗಿಯರು ನಗಲಿಲ್ಲ. ಟ್ಯಾಂಕರಿಗೆ ಕೊಡ ಇಟ್ಟು ಸಾಲಿನಲ್ಲಿ ನಿಲ್ಲುವವರು ಅವರೇ. ಅಕ್ಕಿ ತೊಳೆದ ನೀರು ಎಮ್ಮೆಗೆ, ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ ಎಂಬ ವಿದ್ಯೆ ಅವರ ತಾಯಂದಿರಿಗೆ ಯಾವ ಬಾಹ್ಯಾಕಾಶ ಸಂಸ್ಥೆಯೂ ಕಲಿಸಿದ್ದಲ್ಲ.

ಇನ್ನು ಗಾಜಿನ ತೋಟದ ವಿಚಾರಕ್ಕೆ ಬರುತ್ತೇನೆ. 2024ರ ಡಿಸೆಂಬರ್ 30ರಂದು ಹಾರಿದ ನಮ್ಮ ಪಿ.ಎಸ್.ಎಲ್.ವಿ. ರಾಕೆಟ್ಟಿನ ಕೊನೆಯ ಹಂತವನ್ನು ಎಸೆಯದೆ ಪುಟ್ಟ ಪ್ರಯೋಗಶಾಲೆ ಮಾಡಿಕೊಂಡಿದ್ದರು. ಅದರೊಳಗಿನ ಒಂದು ಡಬ್ಬಿಯಲ್ಲಿ ಎಂಟು ಬೀಜ. ಯಾವ ಬೀಜ ಅಂತೀರಿ? ಅಲಸಂದೆ! ನಾಲ್ಕು ದಿನಕ್ಕೆ ಮೊಳೆತವು, ಆಮೇಲೆ ಎಲೆಯೂ ಬಿಟ್ಟವು. ಈ ಸುದ್ದಿ ಓದಿದ ದಿನ ನನಗೆ ಧಾತು ಬರದ ಆ ಮಡಕೆ ಕಣ್ಣಮುಂದೆ ಬಂತು. 2025ರ ಜೂನ್ ತಿಂಗಳಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಜೊತೆಯಲ್ಲಿ ಹೋದದ್ದು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿದ ಮೆಂತ್ಯ ಮತ್ತು ಹೆಸರುಕಾಳು. ನೀರುಣಿಸಿ ಮೊಳಕೆ ಬರಿಸಿ, ಶೀತಪೆಟ್ಟಿಗೆಯಲ್ಲಿಟ್ಟು ವಾಪಸ್ಸು ತಂದರು. ಭಾರವಿಲ್ಲದ ಕಡೆ ಮೊಳೆತ ಕಾಳಿನ ಸತ್ವ ಹೇಗಿರುತ್ತದೆ ಎಂದು ನೋಡುವುದು ಉದ್ದೇಶ. ಬೇರಿಗೆ ಕೆಳಗೆ ಯಾವುದು ಎಂದು ತಿಳಿಯದ, ನೀರು ಹರಿಯದೆ ಉಂಡೆಗಟ್ಟುವ ಆ ಜಾಗದಲ್ಲೂ ಕಾಳು ತನ್ನ ಕೆಲಸ ತಾನು ಮಾಡಿತು. ಹೆಸರುಕಾಳು ಮೊಳಕೆ ಕಟ್ಟುವ ಬಿಳಿ ಬಟ್ಟೆ ಯಾವ ಅಡುಗೆಮನೆಯಲ್ಲಿ ಇಲ್ಲ ಹೇಳಿ?

ಇಷ್ಟೆಲ್ಲ ಆದ ಮೇಲೆ ನನ್ನಲ್ಲೊಂದು ಪ್ರಶ್ನೆ ಉಳಿಯುತ್ತದೆ. ಮೇಷ್ಟ್ರು 1911ರ ಒಂದು ಪತ್ರದಲ್ಲಿ ಭೂಮಿಯನ್ನು ತೊಟ್ಟಿಲಿಗೆ ಹೋಲಿಸಿ, ಯಾವಾಗಲೂ ತೊಟ್ಟಿಲಲ್ಲೇ ಇರಲಾಗದು ಎಂಬ ಅರ್ಥದಲ್ಲಿ ಬರೆದರು. ಬಾಹ್ಯಾಕಾಶದ ಬಗ್ಗೆ ಮಾತಾಡುವವರೆಲ್ಲ ಅದನ್ನು ಹೇಳುತ್ತಾರೆ. ಇವತ್ತಿನ ಕೋಟ್ಯಧಿಪತಿಗಳು ಮಂಗಳ ಗ್ರಹದಲ್ಲಿ ಊರು ಕಟ್ಟುತ್ತೇವೆ, ಮನುಷ್ಯಕುಲ ಉಳಿಯಬೇಕಾದರೆ ಅದೊಂದೇ ದಾರಿ ಎನ್ನುವಾಗಲೂ ಇದೇ ಉಪಮೆ ಬರುತ್ತದೆ. ಆದರೆ ತೊಟ್ಟಿಲು ಕಟ್ಟಿದ ಹೆಂಗಸರಿಗೆ ಅದರ ಇನ್ನೊಂದು ಸಂಗತಿ ಗೊತ್ತು. ಮಗು ತೊಟ್ಟಿಲು ಬಿಟ್ಟು ಅಂಗಳಕ್ಕೆ ಇಳಿದ ಮೇಲೆ ತೊಟ್ಟಿಲನ್ನು ಒಡೆದು ಒಲೆಗೆ ಹಾಕುವುದಿಲ್ಲ. ಒರೆಸಿ, ಕಟ್ಟಿ, ಅಟ್ಟಕ್ಕೆ ಏರಿಸುತ್ತೇವೆ. ಮುಂದಿನ ಕೂಸಿಗೆ ಬೇಕು. ನೆಂಟರ ಮನೆಯವರು ಕೇಳಿದರೆ ಕೊಡಬೇಕು. ತೊಟ್ಟಿಲು ಮುರಿದುಹೋದ್ದರಿಂದ ಹೊರಗೆ ಹೋಗುತ್ತೇವೆ ಎಂಬುದಕ್ಕೂ, ಬೆಳೆದದ್ದರಿಂದ ಹೊರಗೆ ಹೋಗುತ್ತೇವೆ ಎಂಬುದಕ್ಕೂ ಬಹಳ ಅಂತರವಿದೆ.

ಟಿ.ಸಿ. ಕೇಳಲು ಬರುವವರಲ್ಲಿ ಈ ಎರಡೂ ಬಗೆಯವರನ್ನು ನಾನು ಕಂಡಿದ್ದೇನೆ. ಮಗಳಿಗೆ ಪಿ.ಯು.ಸಿ. ಸೀಟು ಸಿಕ್ಕಿತು ಎಂದು ನಗುತ್ತಾ ಬರುವ ತಾಯಿ ಒಂದು ಬಗೆ. ಕೊಳವೆಬಾವಿ ಸಾವಿರ ಅಡಿ ಹೋದರೂ ಬರೀ ಧೂಳು ಬಂತು ಎಂದು ತಲೆ ತಗ್ಗಿಸಿ ನಿಲ್ಲುವ ತಂದೆ ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ಹೊರಟ ಮನೆಯಲ್ಲಿ ಯಾವಾಗಲೂ ಒಬ್ಬ ಮುದುಕಿ ಉಳಿಯುತ್ತಾಳೆ. ದೀಪ ಹಚ್ಚುವುದಕ್ಕೆ, ಹಸು ನೋಡುವುದಕ್ಕೆ, ಬೀಗದ ಕೈ ಇಟ್ಟುಕೊಳ್ಳುವುದಕ್ಕೆ. ಮುಗಿಲ ಊರಿಗೆ ಹೊರಡುವವರ ಪಟ್ಟಿ ಮಾಡುವವರು ಈ ಮುದುಕಿಯ ಹೆಸರನ್ನು ಎಲ್ಲಿ ಬರೆಯುತ್ತಾರೆ? ಏಳು ಜನರಿಗೆ ಇಷ್ಟು ಖರ್ಚಾಗುವ ಕಡೆ ಎಂಟುನೂರು ಕೋಟಿಗೆ ಜಾಗವಾಗುವುದು ಆಗದ ಮಾತು. ಹೋಗುವವರು ಕೆಲವರು, ಉಳಿಯುವವರು ಉಳಿದವರೆಲ್ಲ.

ಹಾಗೆಂದು ಮೇಷ್ಟ್ರ ಕನಸನ್ನು ನಾನು ತಳ್ಳಿಹಾಕುವುದಿಲ್ಲ. ಬಿಸಿಲು ಸುಮ್ಮನೆ ಪೋಲಾಗುತ್ತಿದೆ ಎಂದು ಅವರು ಹೇಳಿದ್ದು ನಮ್ಮ ಕಡೆ ನಿಜವಾದದ್ದನ್ನು ಕಣ್ಣಾರೆ ಕಂಡಿದ್ದೇವೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹಬ್ಬಿವೆ. 2019ರ ಕೊನೆಗೆ 2,050 ಮೆಗಾವಾಟ್ ಆಯಿತು. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಊರು ಬಿಡಿಸುತ್ತಿದ್ದ ಬಿಸಿಲೇ ಬಾಡಿಗೆ ಕೊಡತೊಡಗಿತು. ಜಮೀನಿದ್ದವರಿಗೆ ಬಾಡಿಗೆ ಬಂತು, ಸರಿ. ಆ ಹೊಲಗಳಲ್ಲಿ ಕಳೆ ಕೀಳಲು ಹೋಗುತ್ತಿದ್ದ ಜಮೀನಿಲ್ಲದ ಹೆಂಗಸರಿಗೆ ಕೂಲಿ ಹೋಯಿತು. ಇಲ್ಲೂ ಉಳಿದವರ ಹೆಸರು ಪಟ್ಟಿಯಲ್ಲಿ ಕೊನೆಗೇ ಬಂತು. ಮುಗಿಲಲ್ಲಿ ಊರು ಕಟ್ಟುವುದಕ್ಕೆ ಬೇಕಾದ ನೀರಿನ ಲೆಕ್ಕ, ಬೀಜದ ಲೆಕ್ಕ, ಬಿಸಿಲಿನ ಲೆಕ್ಕ ಎಲ್ಲವನ್ನೂ ಮೊದಲು ನಮ್ಮ ಇಂಥ ಬೆಂಗಾಡಿನಲ್ಲಿ ಮಾಡಿ ತೋರಿಸಿದರೆ, ಆಮೇಲೆ ಮಂಗಳಕ್ಕೆ ಹೋಗುವವರನ್ನು ನಾನೇ ಆರತಿ ಎತ್ತಿ ಕಳಿಸಿಕೊಡುತ್ತೇನೆ.

ಕಲೂಗಾದಲ್ಲಿ ಮೇಷ್ಟ್ರ ಮನೆಯನ್ನು 1936ರಿಂದ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಮೇಲಿನ ಕೋಣೆಯಿಂದ ಸೂರಿನ ಕಡೆಗೆ ತೆರೆಯುವ ಒಂದು ಪುಟ್ಟ ಬಾಗಿಲಿದೆ. ಅದಕ್ಕೆ ಬಾಹ್ಯಾಕಾಶದ ಬಾಗಿಲು ಎಂದೇ ಹೆಸರು. ನೋಡಲು ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಆ ಬಾಗಿಲಿನ ಕೆಳಗೆ, ಮೇಷ್ಟ್ರ ಸಂಬಳದಲ್ಲಿ ಏಳು ಮಕ್ಕಳನ್ನು ಹೊತ್ತು ಹೆತ್ತು ಸಾಕಿದ ವರ್ವಾರಾ ಇದ್ದಳು. ಬರಗಾಲ, ಯುದ್ಧ, ಕ್ರಾಂತಿ ಎಲ್ಲದರ ನಡುವೆ ಆ ಮನೆಯ ಒಲೆ ಆರದಂತೆ ನೋಡಿಕೊಂಡವಳು. ಗಂಡ ಮೇಲೆ ಕುಳಿತು ಸೂರ್ಯ ಆರಿದ ಮೇಲೆ ಏನು ಎಂದು ಬರೆಯುತ್ತಿದ್ದಾಗ, ಸಂಜೆಗೆ ಏನು ಎಂದು ಯೋಚಿಸುತ್ತಿದ್ದವಳು. ಇಬ್ಬರ ಯೋಚನೆಯೂ ಬದುಕಿ ಉಳಿಯುವುದರ ಬಗ್ಗೆಯೇ. ಮುಂದೆ ಯಾರಾದರೂ ಮುಗಿಲ ಊರಿನ ಕಾದಂಬರಿ ಬರೆಯುವುದಾದರೆ, ನಮ್ಮ ಶಾಲೆಯ ಹುಡುಗಿಯೊಬ್ಬಳು ಬರೆಯಲಿ ಎಂದು ನನ್ನ ಆಸೆ. ಅವಳಿಗೆ ಕೊಡದ ಭಾರವೂ ಗೊತ್ತು, ಕಾಳು ಮೊಳೆಯಲು ಎಷ್ಟು ನೀರು ಸಾಕು ಎಂಬುದೂ ಗೊತ್ತು.